ಉಪ್ಪು ಸಾಲದು ಎನ್ನುತ್ತಿದ್ದ ಅಕ್ಕ

ಅಕ್ಕ ಊಟಕ್ಕೆ ಕೂತರೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದಳು. ದೇವರನ್ನು ನೆನೆಯುತ್ತಿದ್ದಾಳೆ ಎಂದು ಹೊಸಬರು ತಿಳಿಯುತ್ತಿದ್ದರು. ಮನೆಯವರಾದ ನಮಗೆ ನಿಜ ಗೊತ್ತಿತ್ತು. ಕಣ್ಣು ಬಿಡುವ ಮೊದಲೇ ಎಡಗೈಯ ತೋರುಬೆರಳು ಮೇಲೇಳುತ್ತಿತ್ತು. ಆಮೇಲೆ ತೀರ್ಪು. “ಉಪ್ಪು ಒಂದು ಚಿಟಿಕೆ ಸಾಲದು.” “ಹುಣಸೆಹಣ್ಣು ಹಳೇದು.” “ಬೇಳೆಗೆ ಇನ್ನೊಂದು ವಿಶಲ್ ಬೇಕಿತ್ತು.” ಅಷ್ಟು ಹೇಳಿ, ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಉಣ್ಣುತ್ತಿದ್ದಳು.

“ಗಂಡನ ಮನೆಯವರು ಎರಡನೇ ದಿನಕ್ಕೇ ವಾಪಸ್ ಕಳಿಸ್ತಾರೆ, ನೋಡ್ತಿರು” ಎಂದು ಅಮ್ಮ ಸಿಡುಕುತ್ತಿದ್ದಳು.

“ಚೆನ್ನಾಗಿದೆ ಅಂದ್ಬಿಟ್ರೆ ನೀನು ನಾಳೆನೂ ಹಿಂಗೇ ಮಾಡ್ತೀಯಲ್ಲಮ್ಮ. ಆಮೇಲೆ ಯಾರಿಗೆ ಲಾಸು?” ಎನ್ನುತ್ತಿದ್ದಳು ಅಕ್ಕ. ಅವಳು ಮದುವೆಯನ್ನೇ ಮಾಡಿಕೊಳ್ಳಲಿಲ್ಲ, ಹಾಗಾಗಿ ವಾಪಸ್ ಕಳಿಸುವವರು ಯಾರೂ ಇರಲಿಲ್ಲ.

ನಾವು ಬೆಂಗಳೂರಿನ ಶ್ರೀರಾಮಪುರದವರು. ಅಪ್ಪ ಮಿಲ್ಲಿನಲ್ಲಿದ್ದರು. ಅಕ್ಕ ಸುಮಿತ್ರಾ ನನಗಿಂತ ಆರು ವರ್ಷ ದೊಡ್ಡವಳು, ಓದಿನಲ್ಲಿ ಬಹಳ ಚುರುಕು. ಇಂಜಿನಿಯರಿಂಗ್ ಮುಗಿಸಿ, ಜಪಾನಿ ಭಾಷೆ ಕಲಿತು ಟೋಕಿಯೋಗೆ ಹೋದಳು. ನಾನು ಒಂಬತ್ತನೇ ತರಗತಿಯಲ್ಲಿ ಎರಡು ಸಲ ಕೂತು, ಮೂರನೇ ಸಲ ಕೂರಲು ನಾಚಿಕೆಯಾಗಿ ಹೋಟೆಲ್ ಕೆಲಸಕ್ಕೆ ಸೇರಿದವನು. ಕನ್ನಡವನ್ನು ನಿಧಾನವಾಗಿ ಓದುತ್ತೇನೆ. ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ನಿಂತರೆ ಗುರುತು ಸಿಗುತ್ತವೆ, ಒಟ್ಟಿಗೆ ನಿಂತರೆ ಸಿಗುವುದಿಲ್ಲ. ಇದರಲ್ಲಿ ಅರ್ಧವನ್ನು ಅಕ್ಕನಿಂದಲೂ ಮುಚ್ಚಿಟ್ಟಿದ್ದೆ. ಮುಂದೆ ಆದದ್ದಕ್ಕೆಲ್ಲ ಆ ಮುಚ್ಚಿಟ್ಟ ಅರ್ಧವೇ ಕಾರಣ.

ದೊಡ್ಡ ಭೂಕಂಪವಾದಾಗ ಅಕ್ಕ ಟೋಕಿಯೋದ ದೊಡ್ಡದೊಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸದ ಮೇಲ್ವಿಚಾರಣೆ ನೋಡುತ್ತಿದ್ದಳು. ರೈಲು ನಿಂತುಹೋಗಿ, ಆಫೀಸಿನಿಂದ ಫುನಾಬೊರಿಯ ಮನೆಗೆ ಐದು ಗಂಟೆ ನಡೆದಳಂತೆ. ನದಿಯ ಮೇಲಿನ ಉದ್ದ ಸೇತುವೆಯಲ್ಲಿ ಸಾವಿರಾರು ಜನ ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ ನಡೆಯುತ್ತಿದ್ದರಂತೆ. ಮುಂದಿನ ವಾರ ಫುನಾಬೊರಿ ಸುತ್ತಲಿನ ಎಡೋಗಾವಾ ಬಡಾವಣೆಯಲ್ಲಿದ್ದ ನಮ್ಮ ದೇಶದ ಜನ ಗುಂಪು ಗುಂಪಾಗಿ ಊರಿಗೆ ಹೊರಟರು. ಅಮ್ಮ ಫೋನಿನಲ್ಲಿ ಅತ್ತಳು. ಅಕ್ಕ ಹೊರಡಲಿಲ್ಲ.

ಆ ದಿನಗಳ ಬಗ್ಗೆ ಅವಳು ಒಂದೇ ಮಾತು ಹೇಳುತ್ತಿದ್ದಳು. “ಮೂರು ವರ್ಷಕ್ಕೆ ಪ್ಲಾನ್ ಬರೆದಿದ್ವಿ ಸೀನ. ಈ ದಪ್ಪ ಫೈಲು. ಮೊದಲನೇ ವರ್ಷ ಪೂರ್ತಿ ಬರಿಯೋದ್ರಲ್ಲೇ ಹೋಗಿತ್ತು. ಭೂಮಿ ನಿಂತ ಮೇಲೆ ನೋಡ್ತೀನಿ, ಅದ್ರಲ್ಲಿ ಒಂದು ಹಾಳೆನೂ ಕೆಲಸಕ್ಕೆ ಬರಲ್ಲ. ಅವತ್ತೇ ಅಂದ್ಕೊಂಡೆ, ಇನ್ಮೇಲೆ ಎರಡು ವಾರಕ್ಕಿಂತ ಮುಂದೆ ನೋಡಲ್ಲ ಅಂತ.”

ನಾನು ಜಪಾನಿಗೆ ಬಂದದ್ದು ಮರುವರ್ಷ. ಫುನಾಬೊರಿ ಸ್ಟೇಷನ್ನಿನಿಂದ ಐದು ನಿಮಿಷದ ದೂರದಲ್ಲಿದ್ದ ಒಂದು ಸಣ್ಣ ಹೋಟೆಲಿಗೆ ಅಡುಗೆಯವರು ಬೇಕಿತ್ತು. ಯಜಮಾನರ ಜೊತೆ ಮಾತಾಡಿ, ಕಾಗದಪತ್ರವನ್ನೆಲ್ಲ ಓಡಾಡಿ ಮಾಡಿಸಿ, ಅಕ್ಕನೇ ನನ್ನನ್ನು ಕರೆಸಿಕೊಂಡಳು. ಅವಳ ಎರಡು ಕೋಣೆಯ ಮನೆಯಲ್ಲಿ ಮುಂದಿನ ಕೋಣೆ ನನ್ನದಾಯಿತು. ಮೊದಲ ಬೆಳಿಗ್ಗೆ ಎದ್ದು ಕಣ್ಣು ಬಿಟ್ಟರೆ ಎದುರಿನ ಗೋಡೆ ತುಂಬ ಬಣ್ಣದ ಚೀಟಿ.

ಗೋಡೆಯನ್ನು ಟೇಪಿನಿಂದ ಮೂರು ಪಾಲು ಮಾಡಿದ್ದಳು. ಮಾಡಬೇಕು, ಮಾಡ್ತಿದೀವಿ, ಆಯ್ತು. ನಾನು ಬಂದ ಮೇಲೆ ನನಗಾಗಿ ಆ ಮೂರನ್ನೂ ಕನ್ನಡದಲ್ಲಿ ದಪ್ಪಗೆ ಬರೆದಳು. ಒಂದು ಕೆಲಸಕ್ಕೆ ಒಂದು ಚೀಟಿ. ಕೆಲಸ ಮುಂದೆ ಹೋದ ಹಾಗೆ ಚೀಟಿ ಎಡದಿಂದ ಬಲಕ್ಕೆ ಹೋಗಬೇಕು. ನಡುವಿನ ಪಾಲಿನಲ್ಲಿ ಮೂರಕ್ಕಿಂತ ಹೆಚ್ಚು ಚೀಟಿ ಇರಬಾರದು. ಯಾಕೆ ಎಂದು ಕೇಳಿದೆ.

“ನಿನ್ನ ಒಲೇಲಿ ಮೂರು ಬರ್ನರ್ ಇದೆ. ನಾಲ್ಕನೇ ಪಾತ್ರೆ ಎಲ್ಲಿಡ್ತೀಯ, ತಲೆ ಮೇಲಾ?”

ಆಗಾಗ ಸಣ್ಣಗೆ ಭೂಮಿ ನಡುಗುತ್ತಿತ್ತು. ಗೋಡೆಯ ಚೀಟಿಗಳು ಪಟಪಟ ಉದುರುತ್ತಿದ್ದವು. ನಾನು ಮೇಜಿನ ಕೆಳಗೆ ತಲೆ ತೂರಿಸುತ್ತಿದ್ದೆ. ಅಕ್ಕ ನಡುಕ ನಿಂತ ಮೇಲೆ ನೆಲದಲ್ಲಿ ಕೂತು ಬಿದ್ದ ಚೀಟಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು. ಬಿದ್ದದ್ದನ್ನು ಬಿದ್ದ ಹಾಗೇ ಅಂಟಿಸುತ್ತಿರಲಿಲ್ಲ. “ಇದು ಇನ್ನೂ ಬೇಕಾ?” ಎಂದು ತನ್ನನ್ನೇ ಕೇಳಿಕೊಂಡು ಕೆಲವನ್ನು ಅಂಟಿಸುವಳು, ಕೆಲವನ್ನು ಹರಿದು ಬುಟ್ಟಿಗೆ ಹಾಕುವಳು. “ನೋಡು, ಭೂಮಿತಾಯಿ ಬಂದು ಕೆಲಸ ಕಮ್ಮಿ ಮಾಡ್ಕೊಟ್ಟು ಹೋದ್ಲು” ಎಂದು ನಗುವಳು. ಮೇಜಿನ ಕೆಳಗಿನಿಂದ ನನಗೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು.

ಸ್ವಲ್ಪ ದಿನಕ್ಕೆ ಅವಳು ದೊಡ್ಡ ಕಂಪನಿ ಬಿಟ್ಟು ತನ್ನದೇ ಸಣ್ಣದೊಂದನ್ನು ಶುರುಮಾಡಿದಳು. ಜೊತೆಗೆ ಹಳೆಯ ಸಹೋದ್ಯೋಗಿ ಒಕುದಾ ಸಾನ್ ಬಂದರು. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ. ಅವರ ಊರು, ಭೂಕಂಪದ ದಿನ ಸುನಾಮಿ ನುಗ್ಗಿದ ಈಶಾನ್ಯದ ಕಡಲ ದಂಡೆಯಲ್ಲಿತ್ತು. ಆ ಊರಿನ ಬಗ್ಗೆ ಅವರು ಮಾತಾಡುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಅಕ್ಕನನ್ನು ಅವರು ಸುಮಿ ಸಾನ್ ಎನ್ನುತ್ತಿದ್ದರು; ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಸುಮಿ ಎಂಬುದು ಜಪಾನಿ ಹೆಸರೂ ಹೌದಂತೆ. ಫೋನಿನಲ್ಲಿ ಅವಳ ಮಾತು ಕೇಳಿದವರು ಎದುರಿಗೆ ಬಂದು ಅವಳನ್ನು ನೋಡಿ ತಬ್ಬಿಬ್ಬಾಗುತ್ತಿದ್ದರು.

ಅವರು ಮಾಡಲು ಹೊರಟಿದ್ದು ಸಣ್ಣ ಅಡುಗೆಮನೆಗಳಿಗೆ ಬೇಕಾದ ಸಾಫ್ಟ್‌ವೇರ್. ನಮ್ಮ ಹೋಟೆಲಿನಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ ಊಟದ ಡಬ್ಬಿಗಳಿಗೆ ಫೋನು ಬರುತ್ತಲೇ ಇರುತ್ತಿತ್ತು; ಅದಕ್ಕೆ ಸಾಲುವಷ್ಟು ಜಪಾನಿ ಮಾತು ನಾನು ಕಲಿತಿದ್ದೆ. ಯಾರಿಗೆ ಯಾವ ಡಬ್ಬಿ, ಎಷ್ಟು, ಎಲ್ಲಿಗೆ ಎಂಬುದನ್ನು ಫೋನು ತೆಗೆದವರು ಟ್ಯಾಬ್ಲೆಟ್ಟಿನ ಮೇಲೆ ಒತ್ತಿದರೆ, ಒಲೆಯ ಮುಂದಿದ್ದವರಿಗೆ ಲೆಕ್ಕ ಕಾಣಬೇಕು. ಊರ ತುಂಬ ಅಂಗಡಿಗಳಿದ್ದ ಒಂದು ಬೆಂತೋ ಕಂಪನಿಯವರು, ಅಂದರೆ ಊಟದ ಡಬ್ಬಿ ಮಾರುವವರು, ಚೆನ್ನಾಗಿ ನಡೆದರೆ ತಮ್ಮ ಅಂಗಡಿಗಳಿಗೆಲ್ಲ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅವರು ಒಪ್ಪಿದರೆ ಅಕ್ಕನ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ವರ್ಷದೊಳಗೆ ಮುಚ್ಚಬೇಕು. ಇದು ನಮ್ಮ ಮೂವರಿಗೂ ಗೊತ್ತಿತ್ತು.

ಪರೀಕ್ಷೆಗೆ ಅವಳು ಆರಿಸಿದ್ದು ನನ್ನನ್ನು. ಮೊದಲ ದಿನ ಒಕುದಾ ಸಾನ್‌ಗೆ ನನ್ನನ್ನು ತೋರಿಸಿ ಜಪಾನಿಯಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿದಳು. “ನಮ್ಮ ಕೆಲಸಕ್ಕೆ ಯಜಮಾನ ಇವ್ನೇ ಅಂತ ಹೇಳಿದೆ. ನೀನು ಬೇಡ ಅಂದಿದ್ದು ಬೇಡ. ನೀನು ಆಯ್ತು ಅನ್ನೋವರೆಗೂ ಯಾವ ಚೀಟಿನೂ ಆಯ್ತು ಅನ್ನೋ ಕಡೆ ಹೋಗಲ್ಲ. ಆ ಚೀಟಿ ಜರುಗಿಸೋ ಹಕ್ಕು ನಿಂದೊಬ್ಬಂದೇ.”

ಒಕುದಾ ಸಾನ್ ಎದ್ದು ನಿಂತು ಸೊಂಟದವರೆಗೆ ಬಗ್ಗಿ ನನಗೆ ನಮಸ್ಕಾರ ಮಾಡಿದರು. ಅದುವರೆಗೆ ನನಗೆ ಯಾರೂ ಹಾಗೆ ಬಗ್ಗಿದ್ದಿಲ್ಲ.

ಎರಡು ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಹೋಟೆಲ್ ಖಾಲಿಯಾದ ಮೇಲೆ ಇಬ್ಬರೂ ಬರುತ್ತಿದ್ದರು. ಆ ಎರಡು ವಾರದಲ್ಲಿ ಮಾಡಿದ್ದಷ್ಟನ್ನೇ ತೋರಿಸುವರು. ಅರ್ಧಂಬರ್ಧ ಇದ್ದರೂ ತೋರಿಸುವರು. ಪೂರ್ತಿ ಮುಗಿಸಿ ತರಬಾರದೇ ಎಂದು ಕೇಳಿದ್ದಕ್ಕೆ ಅಕ್ಕ, “ಒಂದು ಡಬರಿ ಹಿಟ್ಟೂ ಹುಯ್ದು ಮುಗಿಸಿದ ಮೇಲೆ ರುಚಿ ನೋಡ್ತೀಯಾ? ಒಂದು ದೋಸೆ ಹಾಕಿ ನೋಡ್ತೀಯ ತಾನೇ? ಇದೂ ಹಂಗೇ. ಒಂದೊಂದೇ ದೋಸೆ. ನೀನು ತಿಂದು ಬೈಬೇಕು, ನಾವು ಹಿಟ್ಟು ಸರಿ ಮಾಡ್ಬೇಕು” ಎಂದಳು.

ಮೊದಲ ಶನಿವಾರ ಟ್ಯಾಬ್ಲೆಟ್ ನನ್ನ ಕೈಗೆ ಬಂತು. ಮೇಲೆ ಜಪಾನಿ ಅಕ್ಷರ, ಕೆಳಗೆ ಇಂಗ್ಲಿಷ್. ಯಾವುದನ್ನು ಒತ್ತಬೇಕೋ ತಿಳಿಯಲಿಲ್ಲ. ಒಕುದಾ ಸಾನ್ ಪುಸ್ತಕ, ಪೆನ್ನು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ಯಜಮಾನ ಎನಿಸಿಕೊಂಡವನು ಓದಲು ಬರುವುದಿಲ್ಲ ಎನ್ನಲೇ? ಅಕ್ಕ ಕೇಳಿದಳು, “ಹೆಂಗಿದೆ? ಬೈ, ಬೈ.”

“ಚೆನ್ನಾಗಿದೆ ಅಕ್ಕ” ಎಂದೆ.

“ಏನೂ ತೊಂದ್ರೆ ಇಲ್ವಾ?”

“ಏನಿಲ್ಲ. ಸಲೀಸಾಗಿದೆ.”

ಮೊದಲ ಸಲ ಹಾಗೆ ಹೇಳಿದ ಮೇಲೆ ಎರಡನೆಯ ಸಲ ಬೇರೆ ಹೇಳುವುದು ಕಷ್ಟ. ಮೂರನೆಯ ಸಲ ಇನ್ನೂ ಕಷ್ಟ. ಪದ ಓದಲು ಬರುತ್ತಿರಲಿಲ್ಲವಾದರೂ, ಗುಂಡಿಗಳು ಇರುವ ಜಾಗವನ್ನು ಬಾಯಿಪಾಠ ಮಾಡಿದೆ. ಎಡಗಡೆಯ ಮೂರನೆಯದು ಕೋಳಿ, ಅದರ ಕೆಳಗಿನದು ಚಿತ್ರಾನ್ನ, ಹೀಗೆ. ನಿಧಾನಕ್ಕೆ ಒತ್ತಬಲ್ಲೆ. ಆದರೆ ಫೋನು ಕಿವಿಯಲ್ಲಿ, ಒಗ್ಗರಣೆ ಒಲೆಯಲ್ಲಿ ಇರುವ ಹೊತ್ತಿಗೆ ಅದು ಆಗದ ಮಾತು.

ಆ ಹೊತ್ತಿಗೆ ನನ್ನದೇ ಒಂದು ದಾರಿಯಿತ್ತು. ಡಬ್ಬಿ ಕಟ್ಟುವ ಮೇಜಿನ ಮೇಲಿನ ಕಪಾಟಿನ ತಳದಲ್ಲಿ ಐದು ಕೊಕ್ಕೆ ಹೊಡೆದಿದ್ದೆ. ಡಬ್ಬಿಗಳು ಹೋಗುವ ಐದು ಕಡೆಗೆ ಒಂದೊಂದು ಕೊಕ್ಕೆ. ಹಸಿರು ರಬ್ಬರ್ ಬ್ಯಾಂಡು ತರಕಾರಿ ಊಟ, ಕೆಂಪು ಕೋಳಿ, ಹಳದಿ ಚಿತ್ರಾನ್ನ. ಫೋನು ಬಂದರೆ ಆ ಬಣ್ಣದ ಬ್ಯಾಂಡನ್ನು ಆ ಕಡೆಯ ಕೊಕ್ಕೆಗೆ ಹಾಕುವುದು. ಡಬ್ಬಿ ಕಟ್ಟಿದ ಕೂಡಲೇ ಅದೇ ಬ್ಯಾಂಡನ್ನು ಕೊಕ್ಕೆಯಿಂದ ತೆಗೆದು ಡಬ್ಬಿಗೆ ಹಾಕುವುದು. ಕೊಕ್ಕೆ ಖಾಲಿಯಾದರೆ ಆ ಕಡೆಯದು ಮುಗಿಯಿತು. ಡಬ್ಬಿಯೊಳಗೆ ಏನಿದೆ ಎಂದು ಬಿಚ್ಚಿ ನೋಡಬೇಕಿಲ್ಲ, ಏನನ್ನೂ ಓದಬೇಕಿಲ್ಲ. ಒಂದು ದಿನವೂ ತಪ್ಪಿದ್ದಿಲ್ಲ.

ಇದನ್ನು ನಾನು ಅಕ್ಕನಿಗೆ ತೋರಿಸಲಿಲ್ಲ. ಓದಲಾರದವನ ಉಪಾಯ ಎಂದು ನಾಚಿಕೆ. ಅವಳು ಬರುವ ಶನಿವಾರಗಳಂದು ಬ್ಯಾಂಡುಗಳನ್ನು ಡಬ್ಬಕ್ಕೆ ಹಾಕಿ ಮುಚ್ಚಿಡುತ್ತಿದ್ದೆ. ಮಧ್ಯಾಹ್ನದ ಗದ್ದಲದಲ್ಲಿ ಒಂದು ದಿನ ಬಂದು ನಿಂತು ನೋಡುತ್ತೇನೆ ಎಂದಳು. “ಆ ಹೊತ್ನಲ್ಲಿ ಕಾಲಿಡಕ್ಕೂ ಜಾಗ ಇರಲ್ಲ, ಯಜಮಾನ್ರು ಬೈತಾರೆ” ಎಂದು ತಪ್ಪಿಸಿದೆ. ಯಜಮಾನರು ಹಾಗೆ ಎಂದೂ ಹೇಳಿದವರಲ್ಲ.

ಟ್ಯಾಬ್ಲೆಟ್ ಬಳಸದಿದ್ದರೆ ಅದರಲ್ಲಿ ಏನೂ ದಾಖಲಾಗುವುದಿಲ್ಲ, ಗೊತ್ತಾಗಿಬಿಡುತ್ತದೆ. ಅದಕ್ಕೇ ಎಲ್ಲ ಮುಗಿದ ಮೇಲೆ, ಎರಡೂವರೆಗೆ, ಸ್ಟೂಲಿನ ಮೇಲೆ ಕೂತು ಅಂದಿನ ಡಬ್ಬಿಗಳನ್ನೆಲ್ಲ ನೆನೆದು ನೆನೆದು ಒತ್ತುತ್ತಿದ್ದೆ. ಅಕ್ಕನಿಗೆ ಮೋಸ ಮಾಡುತ್ತಿದ್ದೇನೆ ಎಂದು ಆಗ ಅನಿಸುತ್ತಿರಲಿಲ್ಲ. ಅವಳ ಮನಸ್ಸು ನೋಯಬಾರದೆಂದು ಅರ್ಧ ಗಂಟೆ ಹೆಚ್ಚು ದುಡಿಯುತ್ತಿದ್ದೇನೆ ಎಂದೇ ಅನಿಸುತ್ತಿತ್ತು.

ಒಂದು ಶನಿವಾರ ಅವಳು ಕಾಗದವೊಂದನ್ನು ಮೇಜಿನ ಮೇಲೆ ಹರಡಿದಳು. “ಸೀನ, ಹನ್ನೊಂದು ಗಂಟೆಗೆ ಬಂದ ಆರ್ಡರ್ ಎಲ್ಲ ಯಾಕೋ ಎರಡೂವರೆ ಮೇಲೆ ಸೇರ್ತಿದೆ?”

ನನ್ನ ನಾಲಿಗೆ ನನಗಿಂತ ಮೊದಲು ಮಾತಾಡಿತು. “ಅಡುಗೆಮನೇಲಿ ನೆಟ್ ಸರಿಯಾಗಿ ಸಿಗಲ್ಲ ಅಕ್ಕ. ಆಮೇಲೆ ಎಲ್ಲಾ ಒಟ್ಟಿಗೆ ಹೋಗತ್ತೇನೋ.”

ಅಕ್ಕ ಅದನ್ನು ಜಪಾನಿಯಲ್ಲಿ ಹೇಳಿದಳು, ಒಕುದಾ ಸಾನ್ ಬರೆದುಕೊಂಡರು. ಅಂದು ಗೋಡೆಯ ಮೇಲೆ ಹೊಸ ಚೀಟಿ ಬಂತು. ಬೇರೆಲ್ಲ ಚೀಟಿಗಳನ್ನು ಅಕ್ಕ ಎಡಕ್ಕೆ ಸರಿಸಿದಳು. “ಇದೇ ಮೊದಲು. ಇವ್ನಿಗೆ ಕಷ್ಟ ಆಗ್ತಿದೆ ಅಂದ್ರೆ ಬೇರೆ ಕಡೆನೂ ಆಗತ್ತೆ.” ಇಲ್ಲದ ತೊಂದರೆಯನ್ನು ಸರಿಪಡಿಸಲು ಅವರಿಬ್ಬರೂ ಎರಡು ವಾರ ಕೂತರು. ಸರಿಹೋಗಲಿಲ್ಲ. ಇನ್ನೆರಡು ವಾರ. ಒಕುದಾ ಸಾನ್ ಬಂದು ಹೊಗೆ ಹೋಗುವ ಫ್ಯಾನಿನ ಪಕ್ಕ ಏಣಿ ಹತ್ತಿ, ನೆಟ್ ಸಿಗಲೆಂದು ಒಂದು ಪೆಟ್ಟಿಗೆ ಕೂರಿಸಿ ಹೋದರು. ಕೆಳಗೆ ಏಣಿ ಹಿಡಿದುಕೊಂಡಿದ್ದವನು ನಾನೇ. ಇನ್ನೂ ಎರಡು ವಾರ. ಅಕ್ಕನ ಕಣ್ಣಿನ ಸುತ್ತ ಕಪ್ಪಾಗಿತ್ತು. ಬೆಂತೋ ಕಂಪನಿಯವರು ನೋಡಲು ಬರುವ ದಿನ ಹತ್ತಿರವಾಗುತ್ತಿತ್ತು.

ನೋಡಲಾರದೆ ನಾನೇ ಒಂದು ಉಪಾಯ ಮಾಡಿದೆ. ಗದ್ದಲದ ನಡುವೆಯೇ ನಾಲ್ಕು ನಾಲ್ಕು ಡಬ್ಬಿ ಒತ್ತತೊಡಗಿದೆ. ಕೈಗೆ ಬಂದದ್ದನ್ನು ಒತ್ತಿದೆ. ಸರಿಯೋ ತಪ್ಪೋ, ಹೊತ್ತಾದರೂ ಹನ್ನೊಂದು ಎಂದು ಬರಲಿ ಎಂದು. ಆ ಶನಿವಾರ ಕಾಗದ ನೋಡಿ ಒಕುದಾ ಸಾನ್ ಎರಡೂ ಕೈ ಮೇಲೆತ್ತಿ ಮಗುವಿನ ಹಾಗೆ ಕೂಗಿದರು. ಅಕ್ಕ ಕೊಂಬಿನಿಗೆ, ಅಂದರೆ ಬೀದಿ ಮೂಲೆಯ ಹಗಲು ರಾತ್ರಿ ತೆರೆದಿರುವ ಅಂಗಡಿಗೆ, ಓಡಿ ಸಿಕ್ಕಿದ ಕೇಕನ್ನು ತಂದಳು. ಮನೆಗೆ ಹೋಗಿ ಚೀಟಿಯನ್ನು ಗೋಡೆಯಿಂದ ಕಿತ್ತು ನನ್ನ ಕೈಗಿತ್ತಳು.

“ತಗೋ. ಜರುಗಿಸೋ ಹಕ್ಕು ನಿಂದು.”

ನಾನು ಅದನ್ನು ‘ಆಯ್ತು’ ಎನ್ನುವ ಕಡೆ ಅಂಟಿಸಿದೆ. ಸರಿಯಾಗಿ ಅಂಟಲೆಂದು ಹೆಬ್ಬೆರಳಿನಿಂದ ಒತ್ತಿದೆ ಕೂಡ.

ನೋಡಲು ಬರುವವರನ್ನು ಅಕ್ಕ ಮಧ್ಯಾಹ್ನದ ಹೊತ್ತಿಗೇ ಕರೆದಿದ್ದಳು. ನಿಜವಾದ ಗದ್ದಲದಲ್ಲೇ ನೋಡಲಿ ಎಂದು. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಕಪ್ಪು ಸೂಟಿನ ನಾಲ್ವರು ಬಂದು ಗೋಡೆಗೆ ಒರಗಿ ನಿಂತರು. ಹತ್ತೂವರೆಗೆ ಫೋನುಗಳು ಶುರುವಾದವು. ಮೊದಲ ಐದಾರನ್ನು ಹೇಗೋ ಒತ್ತಿದೆ. ಆಮೇಲೆ ಒಂದು ಕೈಯಲ್ಲಿ ಸೌಟು, ಭುಜದಲ್ಲಿ ಫೋನು. ಬೆರಳು ಎಲ್ಲೆಲ್ಲಿಗೋ ಹೋಯಿತು. ಹನ್ನೊಂದೂಕಾಲಿಗೆ ಟ್ಯಾಬ್ಲೆಟ್ಟಿನಲ್ಲಿ ಇದ್ದದ್ದೇ ಬೇರೆ, ಮೇಜಿನ ಮೇಲಿದ್ದ ಡಬ್ಬಿಗಳೇ ಬೇರೆ. ಸೂಟಿನವರಲ್ಲಿ ಒಬ್ಬರು ಮೆಲ್ಲಗೆ, ಈ ಏಳು ಕೋಳಿ ಊಟ ಯಾರಿಗೆ ಎಂದು ಕೇಳಿದರು. ಗೊತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ಕಪಾಟಿನ ಕೆಳಗೆ ಹೋಗಿ ಬ್ಯಾಂಡುಗಳ ಡಬ್ಬ ಎಳೆಯಿತು. ಮುಂದಿನ ಮುಕ್ಕಾಲು ಗಂಟೆ ನಾನು ಯಾರ ಕಡೆಯೂ ನೋಡದೆ, ಕೊಕ್ಕೆಗಳ ಮೇಲೆ ಕೆಂಪು, ಹಸಿರು, ಹಳದಿ ಹಾಕುತ್ತ ತೆಗೆಯುತ್ತ ಡಬ್ಬಿ ಕಟ್ಟಿದೆ. ಫೋನಿನಲ್ಲಿ ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ಇದ್ದೆ.

ಬಂದವರು ಬಹಳ ಗೌರವದಿಂದ ಹೊರಟರು. ಯೋಚಿಸಿ ತಿಳಿಸುತ್ತೇವೆ ಎಂದರು. ಈ ದೇಶದಲ್ಲಿ ಆ ಮಾತಿನ ಅರ್ಥ ‘ಬೇಡ’ ಎಂದೇ.

ಅಕ್ಕ ಕೊಕ್ಕೆಗಳ ಮುಂದೆ ನಿಂತಿದ್ದಳು. ಒಂದನ್ನು ಬೆರಳಿನಿಂದ ಮುಟ್ಟಿದಳು. ಬ್ಯಾಂಡು ಉಜ್ಜಿ ಉಜ್ಜಿ ಅದರ ಬಾಗು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಉಳಿದ ಭಾಗವೆಲ್ಲ ಜಿಡ್ಡಿನಿಂದ ಕಪ್ಪಾಗಿತ್ತು.

“ಇದು ಯಾವಾಗಿಂದ?”

“ಇವತ್ತಷ್ಟೇ ಅಕ್ಕ. ಗಡಿಬಿಡಿಗೆ ಬೇಕಾಯ್ತು ಅಂತ.”

ಅವಳು ಆ ಹೊಳೆಯುವ ಜಾಗವನ್ನು ಇನ್ನೊಮ್ಮೆ ಸವರಿದಳು. “ತುಂಬಾ ಚೆನ್ನಾಗಿದೆ ಕಣೋ ಇದು” ಎಂದಳು. ಅಷ್ಟೇ. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಕೆಲಸ ಬಲ್ಲವಳು ಒಳ್ಳೆಯ ಕೆಲಸವನ್ನು ನೋಡಿ ಹೇಳುವ ಮಾತು ಅದು. ಮೊದಲ ವಾರವೇ ಇದನ್ನು ತೋರಿಸಿದ್ದರೆ ಅವಳು ಇದನ್ನೇ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಮಾಡಿ ಕೊಡುತ್ತಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಅವಳು ತಿಂಗಳುಗಟ್ಟಲೆ ಹುಡುಕುತ್ತಿದ್ದದ್ದು ನನ್ನ ತಲೆಯ ಮೇಲೆ ನೇತಾಡುತ್ತಿತ್ತು.

ಮೂರು ಗಂಟೆಗೆ ನಾವು ಮೂವರೂ ಕೂತೆವು. ಎರಡು ವಾರದ ಕೊನೆಗೆ ಏನು ಸರಿಹೋಗಲಿಲ್ಲ ಎಂದು ತಲಾ ಒಂದು ಚೀಟಿಯಲ್ಲಿ ಬರೆಯುವುದು ಅವಳ ಕ್ರಮ. ಅದಕ್ಕೆ ಒಂದೇ ನಿಯಮ. “ಯಾರು ಅಂತ ಬರಿಯೋ ಹಾಗಿಲ್ಲ. ಏನು, ಯಾಕೆ, ಅಷ್ಟೇ. ಯಾರು ಅಂತ ಕೇಳಿದ್ರೆ ಎಲ್ರೂ ಬಾಯಿ ಮುಚ್ಕೋತಾರೆ.” ಒಕುದಾ ಸಾನ್ ಬರೆದದ್ದನ್ನು ಓದಿ ಹೇಳಿದರು. “ನಾನು ಗದ್ದಲದ ಹೊತ್ತಿನಲ್ಲಿ ಬಂದು ಅಡುಗೆಮನೆಯಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ” ಎಂದು. ಹೇಳಿ ತಲೆ ತಗ್ಗಿಸಿದರು. ನಿಯಮ ಮುರಿದು ತಮ್ಮ ಹೆಸರನ್ನೇ ಬರೆದುಕೊಂಡಿದ್ದರು. ಅಕ್ಕನೂ ಏನೋ ಬರೆದಳು. ನಾನು ಪೆನ್ನು ಹಿಡಿದು ಕೂತೆ. ಹೇಳಬೇಕಾದದ್ದು ನಾಲ್ಕೇ ಪದ. ನನ್ನ ಚೀಟಿ ಖಾಲಿ ಉಳಿಯಿತು. ಅಕ್ಕ ಅದನ್ನೂ ತೆಗೆದುಕೊಂಡು ಹೋಗಿ ಉಳಿದೆರಡರ ಪಕ್ಕ ಗೋಡೆಗೆ ಅಂಟಿಸಿದಳು.

ಆ ವರ್ಷದ ಕೊನೆಗೆ ಗೋಡೆ ಬರಿದಾಯಿತು. ಒಕುದಾ ಸಾನ್ ಕಡಲ ದಂಡೆಯ ಊರಿಗೆ ಹೋದರು. ಅಕ್ಕ ನಗೋಯಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಸೇರಿದಳು. ಅಲ್ಲಿ ಮತ್ತೆ ದಪ್ಪ ಫೈಲು, ಮತ್ತೆ ಮೂರು ವರ್ಷದ ಪ್ಲಾನು. ಫೋನಿನಲ್ಲಿ, “ಓದಕ್ಕೇ ಒಂದು ವರ್ಷ ಬೇಕು ಕಣೋ” ಎಂದು ನಕ್ಕಳು. ಅದು ಅವಳ ಹಳೆಯ ನಗುವಾಗಿರಲಿಲ್ಲ. ದೂರದಲ್ಲಿದ್ದಾಳೆ, ಇನ್ನೂ ಎಷ್ಟೋ ದಿನಗಳಿವೆ, ಒಮ್ಮೆ ಎದುರಿಗೆ ಕೂರಿಸಿಕೊಂಡು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತ ಎರಡು ವರ್ಷ ಕಳೆದೆ.

ಆಮೇಲೆ ಒಂದು ದಿನ ಅವಳು ಕೆಲಸದ ಮೇಲೆ ಟೋಕಿಯೋಗೆ ಬಂದಳು. ತೆಳ್ಳಗಾಗಿದ್ದಳು. ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ಹಳೆಯ ಶನಿವಾರಗಳ ಹೊತ್ತಿಗೇ, ಹೋಟೆಲಿಗೆ ಬಂದು ಅದೇ ಮೇಜಿಗೆ ಕೂತಳು. “ಏನೂ ಬೇಡ. ಅನ್ನ, ಬೇಳೆಸಾರು ಮಾಡ್ಹಾಕು ಸಾಕು” ಎಂದಳು. ನಾನು ಒಲೆಯ ಮುಂದೆ ನಿಂತು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಕ್ಕ, ನೆಟ್ ಸರಿಯಾಗೇ ಇತ್ತು. ಅಕ್ಕ, ನನಗೆ ಓದೋಕೆ ಬರ್ತಿರಲಿಲ್ಲ. ಯಾವುದನ್ನು ಮೊದಲು ಹೇಳುವುದು? ಒಗ್ಗರಣೆ ಸಿಡಿಯುತ್ತಿತ್ತು.

ಬಡಿಸಿದೆ. ಅವಳು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು ಎಡಗೈಯ ಬೆರಳನ್ನೇ ನೋಡುತ್ತಿದ್ದೆ. ಬೆರಳು ಏಳಲಿಲ್ಲ. ಕಣ್ಣು ಬಿಟ್ಟು ನನ್ನನ್ನು ನೋಡಿ ಹೇಳಿದಳು.

“ಚೆನ್ನಾಗಿದೆ ಕಣೋ ಸೀನ.”

ಅವಳು ಸಾರಿಗೆ ಹಾಗೆ ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ಸಂತೋಷದಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಇಂಥ ದಿನ ಅದನ್ನೆಲ್ಲ ಎತ್ತುವುದು ಬೇಡ, ಮುಂದಿನ ಸಲ ಹೇಳಿದರಾಯಿತು ಅನಿಸಿತು. “ಇನ್ನೊಂಚೂರು ಹಾಕ್ಲಾ?” ಎಂದೆ. “ಹಾಕು” ಎಂದಳು. ಅಗುಳೂ ಬಿಡದೆ ಉಂಡಳು.

ಸ್ಟೇಷನ್ನಿನವರೆಗೆ ಜೊತೆಯಲ್ಲಿ ಹೋದೆ. ಟಿಕೆಟ್ ಗೇಟಿನ ಬಳಿ ನಿಂತು, “ಆ ಕೊಕ್ಕೆಗಳು ಇನ್ನೂ ಇದಾವಾ?” ಎಂದು ಕೇಳಿದಳು.

“ಇದಾವೆ.”

“ಇರ್ಲಿ. ತೆಗೀಬೇಡ.” ನನ್ನ ತೋಳನ್ನು ಒಮ್ಮೆ ಹಿಡಿದು ಬಿಟ್ಟು ಒಳಗೆ ಹೋದಳು.

ಅದೇ ಕೊನೆ. ನಾಲ್ಕು ತಿಂಗಳ ಮೇಲೆ ನಗೋಯಾದ ಅವಳ ಆಫೀಸಿನಿಂದ ನಮ್ಮ ಯಜಮಾನರಿಗೆ ಫೋನು ಬಂತು. ಮೀಟಿಂಗಿಗೆ ಹೋಗುವಾಗ ಮೆಟ್ಟಿಲ ಮೇಲೆ ಕುಸಿದಳಂತೆ. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ನಗೋಯಾದ ಆ ದಿನಕ್ಕಲ್ಲ, ಅವಳನ್ನು ಸ್ಟೇಷನ್ನಿಗೆ ಬಿಟ್ಟು ಬಂದ ಮಧ್ಯಾಹ್ನಕ್ಕೆ. ಹೋಟೆಲಿಗೆ ವಾಪಸ್ ಬಂದಾಗ ಹಸಿವಾಗಿತ್ತು. ಪಾತ್ರೆಯ ತಳದಲ್ಲಿದ್ದ ಸಾರನ್ನು ಅನ್ನಕ್ಕೆ ಹಾಕಿಕೊಂಡು ಒಂದು ತುತ್ತು ತಿಂದೆ. ಉಪ್ಪೇ ಹಾಕಿರಲಿಲ್ಲ. ಒಂದು ಕಲ್ಲೂ ಇಲ್ಲ.

ತಟ್ಟೆ ಹಾಗೇ ಬಿಟ್ಟು ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಶಿಂಕಾನ್ಸೆನ್ ರೈಲಿನಲ್ಲಿ ಕೂತಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಮೆಸೇಜ್ ಬಂತು. ನನಗೆ ಓದಲಾಗಲೆಂದು ಯಾವಾಗಲೂ ಬರೆಯುತ್ತಿದ್ದ ಹಾಗೆ, ಕನ್ನಡದಲ್ಲಿ, ಚಿಕ್ಕ ಚಿಕ್ಕ ಪದ.

“ಟ್ರೇನಲ್ಲಿ ಇದೀನಿ. ಏನೋ? ಹೇಳೋದು ಇದೆಯಾ?”

ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

“ಇಲ್ಲ ಅಕ್ಕ. ಏನಿಲ್ಲ.”